ಶಟರ್ ಎಳೆದಿದೆ ಅಂತ ಹೋಟೆಲನ್ನೇ ಅಳಿಸಬೇಡಿ

ಜನರೇ ಸೇರಿ ಬರೆಯುವ ಇಂಟರ್ನೆಟ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೊಸದಾಗಿ ಬಂದವರು ಮೊದಲು ಕೇಳುವುದು ‘ಏನು ಸೇರಿಸಲಿ?’ ಅಂತ. ಮುಂಬೈಯಲ್ಲಿ ನಕ್ಷೆಯ ಕೆಲಸವನ್ನೇ ಉದ್ಯೋಗ ಮಾಡಿಕೊಂಡಿರುವ ನಾನು ಹೇಳುವುದು ಒಂದೇ. ಸೇರಿಸುವುದು ಆಮೇಲೆ, ಈಗಾಗಲೇ ಇರುವುದು ಇವತ್ತಿಗೂ ನಿಜವಾ ಅಂತ ಮೊದಲು ನೋಡಿ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ನಿಮ್ಮ ಗಲ್ಲಿಯ ದಿನಸಿ ಅಂಗಡಿ ಮುಚ್ಚಿದ್ದು ನಿಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ?

ಅಂಧೇರಿಯ ಗೋಖಲೆ ಸೇತುವೆಯನ್ನೇ ನೋಡಿ. 2022ರ ನವೆಂಬರ್‌ನಲ್ಲಿ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಒಂದು ಬದಿ ತೆರೆಯಿತು, 2025ರ ಮೇ ತಿಂಗಳಲ್ಲಿ ಇನ್ನೊಂದು. ಒಂದೇ ಸೇತುವೆಗೆ ಕಮ್ಮಿ ಅಂದರೂ ಮೂರು ತಿದ್ದುಪಡಿ. ಮುಚ್ಚಿದಾಗ ಅದನ್ನು ‘ಕನ್‌ಸ್ಟ್ರಕ್ಷನ್’ ಅಂತ ಬದಲಿಸದೆ ಬಿಟ್ಟರೆ, ಈ ನಕ್ಷೆಯ ಮೇಲೆ ನಡೆಯುವ ಆಪ್ ಜನರನ್ನು ನೇರ ಬ್ಯಾರಿಕೇಡ್ ಮುಂದೆ ತಂದು ನಿಲ್ಲಿಸುತ್ತದೆ. ಪೇಪರಿನಲ್ಲಿ ‘ಮುಂದಿನ ವಾರ ಉದ್ಘಾಟನೆ’ ಅಂತ ಓದಿ ಮೊದಲೇ ತೆರೆದುಬಿಡುವುದೂ ಅಷ್ಟೇ ತಪ್ಪು. ಗಾಡಿಗಳು ಓಡಾಡುವುದನ್ನು ಕಣ್ಣಾರೆ ಕಂಡ ಮೇಲೆ ತಿದ್ದಿ.

ಕಟ್ಟಡಗಳದ್ದು ಇನ್ನೂ ತಲೆನೋವು. ಮಾಟುಂಗಾ, ಸಯನ್ ಕಡೆ ಹಳೇ ಬಿಲ್ಡಿಂಗುಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ನೀವು ಹೋಗಿ ನೋಡಿ, ಬಿದ್ದ ಕಟ್ಟಡವನ್ನು ನಕ್ಷೆಯಿಂದ ತೆಗೆಯುತ್ತೀರಿ. ಆದರೆ ನಾವೆಲ್ಲ ನೋಡಿಕೊಂಡು ಬರೆಯುವ ಉಪಗ್ರಹ ಚಿತ್ರ ಕೆಲವು ಕಡೆ ವರ್ಷಗಟ್ಟಲೆ ಹಳೆಯದು, ಅದರಲ್ಲಿ ಆ ಕಟ್ಟಡ ಇನ್ನೂ ನಿಂತೇ ಇರುತ್ತದೆ, ಹಾಗಾಗಿ ಎಲ್ಲೋ ಕೂತ ಇನ್ನೊಬ್ಬ ಉತ್ಸಾಹಿ ‘ಅಯ್ಯೋ, ಇದು ಬಿಟ್ಟುಹೋಗಿದೆ’ ಅಂತ ಮತ್ತೆ ಬರೆದುಬಿಡುತ್ತಾನೆ. ಅದಕ್ಕೇ ಪೂರ್ತಿ ಅಳಿಸಬೇಡಿ. ಅದೇ ಆಕಾರ ಉಳಿಸಿಕೊಂಡು ಬಿಲ್ಡಿಂಗ್ ಟ್ಯಾಗಿನ (ಇದು ಏನು ಅಂತ ನಕ್ಷೆಗೆ ಹೇಳುವ ಗುರುತುಪದ) ಮುಂದೆ ‘ಡೆಮಾಲಿಶ್ಡ್’ ಸೇರಿಸಿ, ನೀವು ನೋಡಿದ ತಾರೀಖು ಬರೆದು, ಚಿತ್ರ ಹಳೆಯದು ಅಂತ ಒಂದು ಸಾಲು ಹಾಕಿ. ನಕ್ಷೆಯಲ್ಲಿ ಕಟ್ಟಡ ಕಾಣಿಸುವುದಿಲ್ಲ, ತಿದ್ದಲು ಬಂದವರಿಗೆ ಮಾತ್ರ ಕಾಣುತ್ತದೆ. ಹೊಸ ಚಿತ್ರ ಬಂದ ಮೇಲೆ ತೆಗೆದರಾಯಿತು.

ಅಂಗಡಿ, ಹೋಟೆಲಿಗೆ ಮೊಬೈಲಿನ ಸ್ಟ್ರೀಟ್‌ಕಂಪ್ಲೀಟ್ ಅನ್ನುವ ಆಪ್ ಸಾಕು. ತುಂಬಾ ದಿನದಿಂದ ಯಾರೂ ನೋಡದ ಜಾಗಕ್ಕೆ ‘ಇದು ಇನ್ನೂ ಇದೆಯಾ?’ ಅಂತ ಅದೇ ಕೇಳುತ್ತದೆ. ಮಾಟುಂಗಾ ಸ್ಟೇಷನ್‌ನಿಂದ ಕಿಂಗ್ಸ್ ಸರ್ಕಲ್ ತನಕ ನಿಧಾನವಾಗಿ ನಡೆದರೆ ಒಂದು ಸಂಜೆಯ ಕೆಲಸ. ಆದರೆ ಸೋಮವಾರ ಹೋದವರು ಹುಷಾರು. ಇಲ್ಲಿನ ಕೆಲವು ಉಡುಪಿ ಹೋಟೆಲುಗಳಿಗೆ ಅಂದು ರಜೆ. ಬೀಗ ಕಂಡ ತಕ್ಷಣ ಮುಚ್ಚಿತು ಅಂತ ಬರೆಯಬೇಡಿ, ಪಕ್ಕದ ಹೂವಿನವರನ್ನು ಕೇಳಿ. ರಜೆ ಅಂದರೆ ಆ ರಜೆಯನ್ನೇ ಸಮಯದ ಜಾಗದಲ್ಲಿ ಬರೆಯಿರಿ. ಬರುವ ಗಿರಾಕಿಗೆ ಅದಕ್ಕಿಂತ ಉಪಕಾರ ಬೇರೆ ಬೇಕಾ?

ಹೆಸರು ಬದಲಾದರೆ ಹಳೆಯದನ್ನು ಬಿಸಾಡಬೇಡಿ. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ 2018ರಲ್ಲಿ ಪ್ರಭಾದೇವಿ ಆಯಿತು, ಜನ ಇವತ್ತಿಗೂ ಎಲ್ಫಿನ್‌ಸ್ಟನ್ ಅಂತಲೇ ಹುಡುಕುತ್ತಾರೆ. ಹಳೇ ಹೆಸರಿಗೆ ಬೇರೆ ಟ್ಯಾಗ್ ಇದೆ, ಅಲ್ಲಿ ಇಡಿ. ಕನ್ನಡದ ಹೆಸರುಗಳನ್ನೂ ಸೇರಿಸಿ, ಸ್ಟೇಷನ್ನು, ಬಡಾವಣೆ, ನಮ್ಮ ಸಂಘಗಳದ್ದು. ಸಿಕ್ಕ ಸಿಕ್ಕ ಅಂಗಡಿ ಬೋರ್ಡನ್ನೆಲ್ಲ ಸುಮ್ನೆ ಕನ್ನಡ ಲಿಪಿಗೆ ಇಳಿಸುವುದು ಬೇಡ.

ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ, ಒಂದು ಹೆಸರನ್ನೂ. ಲೈಸೆನ್ಸ್ ತಕರಾರು ಬಂದರೆ ನೀವು ಹಾಕಿದ್ದೆಲ್ಲ ಅಳಿಸಿ ಹೋಗಬಹುದು.

ಇನ್ನೊಬ್ಬರು ಬರೆದದ್ದು ತಪ್ಪು ಅನಿಸಿದರೆ, ಅಳಿಸುವ ಮುಂಚೆ ಅವರ ಚೇಂಜ್‌ಸೆಟ್ (ಒಮ್ಮೆಗೆ ಉಳಿಸಿದ ತಿದ್ದುಪಡಿಗಳ ಕಟ್ಟು) ಕೆಳಗೆ ಒಂದು ಮಾತು ಬರೆದು ಕೇಳಿ. ನಿಮಗಿಂತ ಆಮೇಲೆ ಅವರು ಆ ರಸ್ತೆಗೆ ಹೋಗಿ ಬಂದಿರಬಹುದು.