ಹೈವೇಯಲ್ಲಿ ತಣ್ಣಗೆ, ಪೇಟೆಯಲ್ಲಿ ಬೆಚ್ಚಗೆ: ಏಸಿಗೆ ಗ್ಯಾಸ್ ತುಂಬಿಸಬೇಕಾ?

ಪ್ರಶ್ನೆ: ಮೈಸೂರಿನಿಂದ ಬರುವಾಗ ಹೈವೇಯಲ್ಲಿ ಕಾರಿನ ಏಸಿ ಚೆನ್ನಾಗಿರುತ್ತದೆ. ಮಂಡ್ಯದೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಬೆಚ್ಚಗಿನ ಗಾಳಿ. ಗ್ಯಾಸ್ ಖಾಲಿ ಅಂತಾರೆ. ತುಂಬಿಸಲಾ?

ಸದ್ಯಕ್ಕೆ ಬೇಡ. ಮೊದಲು ಬಾನೆಟ್ ಎತ್ತಿ ಫ್ಯಾನ್ ನೋಡಿ.

ಕಾರಿನೊಳಗಿನ ಶೆಖೆಯನ್ನು ಹೊರಗೆ ಹಾಕುವುದು ಕಂಡೆನ್ಸರ್. ಗ್ರಿಲ್‌ನ ಹಿಂದೆ, ರೇಡಿಯೇಟರ್‌ಗೂ ಮುಂದೆ ಇರುತ್ತದೆ. ಗಾಡಿ ಓಡುವಾಗ ಎದುರು ಗಾಳಿಯೇ ಅದನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸವೆಲ್ಲ ಫ್ಯಾನ್‌ದು. ಎಂಜಿನ್ ಶುರು ಮಾಡಿ, ಏಸಿ ಹಾಕಿ ಒಂದೆರಡು ನಿಮಿಷ ಕಾಯಿರಿ. ಫ್ಯಾನ್ ತಿರುಗಲೇ ಇಲ್ಲ ಅಥವಾ ಸುಸ್ತಾದಂತೆ ತಿರುಗುತ್ತಿದೆ ಅಂದರೆ ಫ್ಯೂಸ್, ರಿಲೇ, ಫ್ಯಾನ್ ಮೋಟಾರು ನೋಡಿಸಿ. ಕೈ ಮಾತ್ರ ದೂರ ಇರಲಿ, ಅದು ಯಾವಾಗ ತಿರುಗುತ್ತದೋ ಹೇಳಲಾಗದು.

ಫ್ಯಾನ್ ಸರಿ ಇದ್ದರೆ ಟಾರ್ಚ್ ಹಿಡಿದು ಗ್ರಿಲ್‌ನೊಳಗೆ ಇಣುಕಿ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗದ ಕಾರು ಯಾವುದಿದೆ? ನನ್ನ ಕಾರಿನ ಕಂಡೆನ್ಸರ್‌ನಲ್ಲಿ ಒಣ ತರಗು, ಭತ್ತದ ಹೊಟ್ಟು, ಸತ್ತ ಹುಳ, ಎಲ್ಲಾ ಸೇರಿ ಕಂಬಳಿ ಹೊದಿಸಿದಂತಿತ್ತು. ಅದಕ್ಕೂ ಮೊದಲು ಎರಡು ಸಲ ಗ್ಯಾಸ್ ತುಂಬಿಸಿದ್ದೆ. ದುಡ್ಡು ಹೋಯಿತು, ಶೆಖೆ ಹೋಗಲಿಲ್ಲ. ಎಂಜಿನ್ ಆರಿದ ಮೇಲೆ ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ನಿಧಾನವಾಗಿ ತೊಳೆದರೆ ಸಾಕು. ವಾಟರ್ ಸರ್ವೀಸಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಕಂಡೆನ್ಸರ್‌ನ ತೆಳು ಲೋಹದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಕಥೆ ಬೇರೆ, ಒಳಗೆ ಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಸಾಮಾನ್ಯವಾಗಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ, ನೀವೇ ಬದಲಾಯಿಸಬಹುದು.

ಗಾಳಿ ಜೋರಾಗಿದೆ, ಹೈವೇಯಲ್ಲೂ ತಂಪಿಲ್ಲ ಅಂದರೆ ಆಗ ಗ್ಯಾಸ್ ಮೇಲೆ ಅನುಮಾನ ಪಡಿ. ಆದರೆ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಬೇಗ ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಪೈಪಿನ ಜಾಯಿಂಟ್‌ನಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿದ್ದರೆ ಅಲ್ಲೇ ಇರಬಹುದು. ಲೀಕ್ ಹುಡುಕದೆ ಸುಮ್ನೆ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ.

ತುಂಬಿಸುವಾಗಲೂ ಮೊದಲು ವ್ಯಾಕ್ಯೂಮ್ ಮಾಡಿ, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಮೆಷಿನ್‌ನಲ್ಲಿ ಎಳೆದು ತೆಗೆದು, ಆಮೇಲೆ ತೂಕ ಹಾಕಿ ತುಂಬಲು ಹೇಳಿ. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಆರ್-134ಎ ಅಥವಾ ಬೇರೆ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಅನ್ನುವುದು ಬರೆದಿರುತ್ತದೆ. ‘ಇನ್ನು ಸ್ವಲ್ಪ ಜಾಸ್ತಿ ಹಾಕೋಣ ಸಾರ್’ ಅಂದರೆ ಬೇಡ ಅನ್ನಿ. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ.