ಎಐ ಹತ್ರ ಸಾಫ್ಟ್‌ವೇರ್ ಮಾಡಿಸುವ ಮುಂಚೆ ಏನು ಬರೆದಿಟ್ಟುಕೊಳ್ಳಬೇಕು?

ಪ್ರಶ್ನೆ: ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪನ ಕಾಲದಿಂದಲೂ ಪುಸ್ತಕದಲ್ಲೇ ಲೆಕ್ಕ. ಎಐಗೆ ಹೇಳಿದರೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ ಅಂತ ಕೇಳಿ ನಾನೂ ಪ್ರಯತ್ನಪಟ್ಟೆ. ಸ್ಕ್ರೀನ್ ಚೆನ್ನಾಗಿಯೇ ಬಂತು. ಆದರೆ ನಮ್ಮ ಅಂಗಡಿಯ ಲೆಕ್ಕಕ್ಕೆ ಹೊಂದಲಿಲ್ಲ. ಕೋಡಿಂಗ್ ಬರದವರು ಎಐಗೆ ಏನನ್ನು, ಹೇಗೆ ಬರೆದುಕೊಡಬೇಕು?

ಉತ್ತರ: ಹಿಟ್ಟಿನ ಗಿರಣಿಯವರು, ಗ್ಯಾರೇಜಿನವರು, ಟ್ಯೂಷನ್ ನಡೆಸುವವರು ಎಲ್ಲರೂ ಕೇಳುವ ಪ್ರಶ್ನೆ ಇದು. ನಿಮ್ಮ ಅಂಗಡಿಯನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಬಾಡಿಗೆ ಸಾಮಾನಿನ ವ್ಯಾಪಾರದಲ್ಲಿ ಬಾಯಿಮಾತಿನ ನಿಯಮಗಳೇ ಜಾಸ್ತಿ.

ನೀವು ಬರೆದದ್ದು ಬಹುಶಃ ಹೀಗಿದ್ದಿರಬೇಕು: "ಬುಕಿಂಗ್, ಸ್ಟಾಕ್, ಬಿಲ್, ಬಾಕಿ ನೋಡಿಕೊಳ್ಳೋಕೆ ಒಂದು ಸಾಫ್ಟ್‌ವೇರ್ ಬೇಕು." ಇದರಲ್ಲಿ ತಪ್ಪೇನಿಲ್ಲ. ಆದರೆ ಲಾಡ್ಜ್ ನಡೆಸುವವರೂ ಇದೇ ಸಾಲು ಬರೆಯುತ್ತಾರೆ, ಕಾರು ಬಾಡಿಗೆಗೆ ಕೊಡುವವರೂ ಇದನ್ನೇ ಬರೆಯುತ್ತಾರೆ. ನೀವು ಹೇಳದೆ ಬಿಟ್ಟದ್ದನ್ನು ಎಐ ಖಾಲಿ ಬಿಡುವುದಿಲ್ಲ. ಬೇರೆಯವರು ಸಾಮಾನ್ಯವಾಗಿ ಹೇಗೆ ಮಾಡುತ್ತಾರೋ ಅದನ್ನು ತುಂಬಿಬಿಡುತ್ತದೆ, ಅದೂ ಎಷ್ಟೋ ಸಲ ನಿಮ್ಮನ್ನು ಕೇಳದೆ. ಹಾಗಾಗಿ 24 ಗಂಟೆಗೆ ಒಂದು ದಿನದ ಬಾಡಿಗೆ ಅಂತ ಹಾಕುತ್ತದೆ. ಅಡ್ವಾನ್ಸ್ ಇಲ್ಲದೆ ಬುಕಿಂಗ್ ಇಲ್ಲ ಅಂತ ಹಾಕುತ್ತದೆ. ವಾಪಸ್ ಬಂದ ಸಾಮಾನನ್ನು ಆ ಕ್ಷಣವೇ ಇನ್ನೊಬ್ಬರಿಗೆ ಕಳಿಸಬಹುದು ಅಂತ ಲೆಕ್ಕ ಹಿಡಿಯುತ್ತದೆ. ಮೂರೂ ನಿಮ್ಮಲ್ಲಿ ನಡೆಯಲ್ಲ, ಅಲ್ವಾ?

ಪಟ್ಟಿ ಬಿಡಿ, ಜಗಳ ಬರೆಯಿರಿ

ಏನೇನು ಬೇಕು ಅನ್ನುವ ಪಟ್ಟಿಯಿಂದ ಶುರು ಮಾಡಬೇಡಿ. ದುಡ್ಡಿನ ವಿಷಯಕ್ಕೆ ಮಾತು ಬೆಳೆದ ಸಂದರ್ಭಗಳಿಂದ ಶುರು ಮಾಡಿ. ಅದು ಗಿರಾಕಿ ಜೊತೆ ಆಗಿರಬಹುದು, ಲೋಡ್ ಮಾಡುವ ಹುಡುಗರ ಜೊತೆ ಆಗಿರಬಹುದು, ಸಾಮಾನು ಕಡಿಮೆ ಬಿದ್ದಾಗ ನೀವು ಕೇಳಿ ತರುವ ಪಕ್ಕದೂರಿನ ಶಾಮಿಯಾನದವರ ಜೊತೆ ಆಗಿರಬಹುದು. ಹಳೇ ಬಿಲ್ ಪುಸ್ತಕ ತೆಗೆಯಿರಿ. ಎಲ್ಲಿ ಹೊಡೆದುಹಾಕಿ ಮತ್ತೆ ಬರೆದಿದೆ, ಎಲ್ಲಿ ಅಂಚಿನಲ್ಲಿ ಪೆನ್ಸಿಲ್ ಗುರುತಿದೆ, ಎಲ್ಲಿ "ಬಿಟ್ಟಿದ್ದು" ಅಂತ ಬರೆದಿದೆ ನೋಡಿ. ನಿಮ್ಮ ವ್ಯಾಪಾರದ ನಿಜವಾದ ನಿಯಮಗಳು ಆ ಪುಟಗಳಲ್ಲಿವೆ. ಸಲೀಸಾಗಿ ಮುಗಿದ ಬಿಲ್‌ಗಳಲ್ಲಿ ಎಐಗೆ ಹೊಸದಾಗಿ ಹೇಳಬೇಕಾದ್ದು ಹೆಚ್ಚೇನೂ ಇರುವುದಿಲ್ಲ.

ಬಾಡಿಗೆ ದಿನವನ್ನೇ ತೆಗೆದುಕೊಳ್ಳಿ. ಭಾನುವಾರ ಮದುವೆ. ಸಾಮಾನು ಶನಿವಾರ ಸಂಜೆ 5ಕ್ಕೇ ಹೋಗುತ್ತದೆ, ಸೋಮವಾರ ಬೆಳಿಗ್ಗೆ 10ಕ್ಕೆ ವಾಪಸ್. ಗಡಿಯಾರದ ಪ್ರಕಾರ 41 ಗಂಟೆ. ನಿಮ್ಮ ಪುಸ್ತಕದಲ್ಲಿ ಒಂದೇ ದಿನದ ಬಾಡಿಗೆ. ಸೋಮವಾರ ಮಧ್ಯಾಹ್ನ 12 ದಾಟಿದರೆ ಅರ್ಧ ಬಾಡಿಗೆ ಸೇರುತ್ತದೆ ಅಂತ ಇಟ್ಟುಕೊಳ್ಳೋಣ. ಸರಿ, ಆದರೆ ತಡವಾಗಿದ್ದು ನಿಮ್ಮ ಗಾಡಿಯೇ ಆಗಿದ್ದರೆ? ಆಗ ಗಿರಾಕಿ ಹತ್ರ ಕೇಳಲಾಗುವುದಿಲ್ಲ. ಅಂದರೆ ಸಾಮಾನು ಯಾವಾಗ ಬಂತು ಅನ್ನುವುದಷ್ಟೇ ಸಾಲದು, ಯಾರ ಗಾಡಿಯಲ್ಲಿ ಬಂತು ಅನ್ನುವುದನ್ನೂ ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳಬೇಕು. ಒಂದು ಸಣ್ಣ ಜಗಳದಿಂದ ಸ್ಕ್ರೀನಿನಲ್ಲಿ ಇರಬೇಕಾದ ಒಂದು ಕಾಲಂ ಸಿಕ್ಕಿತು. ಪಟ್ಟಿ ಬರೆಯುತ್ತಾ ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಇನ್ನು ಸಾವಿನ ಮನೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಒಂದು ಶಾಮಿಯಾನ, ನೂರು ಕುರ್ಚಿ. ಯಾರೂ ಅಡ್ವಾನ್ಸ್ ಕೇಳುವುದಿಲ್ಲ. ಬಿಲ್ ಯಾರ ಹೆಸರಿಗೆ ಅಂತಲೂ ಕೇಳುವುದಿಲ್ಲ. ಎಷ್ಟು ದಿನ ಬೇಕು ಅಂತ ಆ ಮನೆಯವರಿಗೇ ಗೊತ್ತಿರುವುದಿಲ್ಲ. ಹುಡುಗರು ಗಾಡಿ ತೆಗೆದುಕೊಂಡು ಹೊರಡುತ್ತಾರೆ. ಲೆಕ್ಕದ ಮಾತು ತಿಥಿ ಕಳೆದ ಮೇಲೆ. ಕೆಲವರ ಹತ್ರ ದುಡ್ಡು ತೆಗೆದುಕೊಳ್ಳುವುದೇ ಇಲ್ಲ. ಈಗ ನಿಮ್ಮ ಹೊಸ ಸಾಫ್ಟ್‌ವೇರ್ "ಅಡ್ವಾನ್ಸ್ ಕಡ್ಡಾಯ, ವಾಪಸ್ ದಿನಾಂಕ ಕಡ್ಡಾಯ" ಅಂತ ಕೆಂಪು ಅಕ್ಷರ ತೋರಿಸಿದರೆ ಹುಡುಗ ಏನು ಮಾಡುತ್ತಾನೆ? ಒಂದು ರೂಪಾಯಿ ಅಡ್ವಾನ್ಸ್, ಬಾಯಿಗೆ ಬಂದ ದಿನಾಂಕ ಒತ್ತಿ ಮುಂದೆ ಹೋಗುತ್ತಾನೆ. ಇಲ್ಲವೇ ಬರೆಯದೇ ಕಳಿಸುತ್ತಾನೆ. ಅವತ್ತಿಂದ ಸ್ಟಾಕ್ ಲೆಕ್ಕ ಸುಳ್ಳು. ಭಾನುವಾರದ ಮದುವೆಗೆ ನೂರು ಕುರ್ಚಿ ಇದೆ ಅಂತ ಸ್ಕ್ರೀನ್ ಹೇಳುತ್ತದೆ, ಗೋಡೌನ್‌ನಲ್ಲಿ ಇರುವುದಿಲ್ಲ.

ಸೂತಕದ್ದೂ ಹೀಗೆಯೇ. ಮದುವೆಗೆ ಅಡ್ವಾನ್ಸ್ ಬಂದಿದೆ, ಮನೆಯಲ್ಲಿ ಸಾವಾಯಿತು, ಮದುವೆ ಮುಂದಕ್ಕೆ ಹೋಯಿತು. ಸಿದ್ಧ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ದಾರಿ: ಬುಕಿಂಗ್ ರದ್ದು, ಇಲ್ಲವೇ ದಿನಾಂಕ ಬದಲು. ನಿಮ್ಮಲ್ಲಿ ಮೂರನೆಯದೂ ಇದೆ. ಹೊಸ ದಿನ ಇನ್ನೂ ಗೊತ್ತಾಗಿಲ್ಲ, ಅಡ್ವಾನ್ಸ್ ನಿಮ್ಮ ಹತ್ರವೇ ಇರುತ್ತದೆ, ಕುರ್ಚಿಗಳನ್ನು ಮಾತ್ರ ಬೇರೆಯವರಿಗೆ ಕೊಡಬಹುದು. ಇದನ್ನು ಎಐ ತಾನಾಗಿ ಊಹಿಸುವುದು ಕಷ್ಟ. ನೀವೇ ಹೇಳಬೇಕು.

ಮಾಲೀಕರಿಗೆ ಎಲ್ಲವೂ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಜಮಖಾನ ಒಣಗಲು ಎರಡು ದಿನ ಬೇಕು, ಸೋಮವಾರ ಬಂದದ್ದು ಮಂಗಳವಾರ ಹೋಗಲಾರದು ಅನ್ನುವುದು ಗೋಡೌನ್ ನೋಡಿಕೊಳ್ಳುವವರಿಗೆ ಗೊತ್ತು. ಬುಕ್ ಮಾಡಿದ್ದು ಹುಡುಗಿಯ ಸೋದರಮಾವ, ದುಡ್ಡು ಕೊಡುವುದು ಅಪ್ಪ, ಬಾಕಿಗೆ ಫೋನ್ ಮಾಡಬೇಕಾದ್ದು ಅಪ್ಪನಿಗೆ ಅನ್ನುವುದು ಬಾಕಿ ವಸೂಲಿ ಮಾಡುವವರಿಗೆ ಗೊತ್ತು. ಅವರನ್ನು ಕೂರಿಸಿ ಕೇಳಿ. ಟೈಪ್ ಮಾಡುವುದು ಕಷ್ಟವಾದರೆ ಮೊಬೈಲಿನ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡದಲ್ಲೇ ಹೇಳುತ್ತಾ ಹೋಗಿ. ಈಗಿನ ಎಐಗಳು ಕನ್ನಡ ಓದುತ್ತವೆ. ಇಂಗ್ಲಿಷಿಗೆ ತಿರುಗಿಸಲು ಹೋಗಿ ಅರ್ಧ ವಿಷಯ ಕಳೆದುಕೊಳ್ಳುವುದಕ್ಕಿಂತ ಇದು ಮೇಲು.

ಬರೆಯುವ ರೀತಿ

2009ರಲ್ಲಿ ರೋಲ್ಸ್ ರಾಯ್ಸ್ ಕಂಪನಿಯ ಅಲಿಸ್ಟರ್ ಮೇವಿನ್ ಮತ್ತು ಜೊತೆಗಾರರು ಜೆಟ್ ಎಂಜಿನ್ ನಿಯಂತ್ರಣಕ್ಕೆ ಸಂಬಂಧಿಸಿದ ಬೇಡಿಕೆಗಳನ್ನು, ಅಂದರೆ ವ್ಯವಸ್ಥೆ ಏನು ಮಾಡಬೇಕು ಅನ್ನುವುದನ್ನು, ಬರೆಯಲು ಒಂದು ಸರಳ ವಾಕ್ಯರೂಪ ಹುಟ್ಟುಹಾಕಿದರು. ಅದಕ್ಕೆ ಈಯರ್ಸ್ ಅಂತ ಹೆಸರು. ಇಂಥದ್ದು ನಡೆದಾಗ, ಇಂಥ ಸ್ಥಿತಿ ಇದ್ದರೆ, ವ್ಯವಸ್ಥೆ ಹೀಗೆ ಮಾಡಬೇಕು. ಇಷ್ಟೇ. 2025ರಲ್ಲಿ ಅಮೆಜಾನ್ ಹೊರತಂದ ಕಿರೋ ಎಂಬ ಎಐ ಕೋಡಿಂಗ್ ಉಪಕರಣವೂ ಬೇಡಿಕೆಗಳನ್ನು ಇದೇ ರೂಪದಲ್ಲಿ ಬರೆಯುತ್ತದೆ. ನಮ್ಮ ಮಾತಿಗೂ ಇದು ಸಲೀಸಾಗಿ ಕೂರುತ್ತದೆ:

"ಬುಕಿಂಗ್ ಸಾವಿನ ಮನೆಯದಾಗಿದ್ದರೆ, ಅಡ್ವಾನ್ಸ್ ಮತ್ತು ವಾಪಸ್ ದಿನಾಂಕ ಇಲ್ಲದೆಯೂ ಉಳಿಸಬೇಕು. ಆ ಸಾಮಾನು ವಾಪಸ್ ಬಂತು ಅಂತ ಒತ್ತುವವರೆಗೆ ಸ್ಟಾಕ್‌ನಲ್ಲಿ ಲಭ್ಯ ಅಂತ ತೋರಿಸಬಾರದು."

ಎರಡನೇ ವಾಕ್ಯ ಗಮನಿಸಿ. ಏನು ಆಗಬೇಕು ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ, ಏನು ಆಗಬಾರದು ಅನ್ನುವುದನ್ನು ಬರೆಯುವವರು ಕಡಿಮೆ. "ಬೇಗ", "ಸಾಮಾನ್ಯವಾಗಿ", "ನೋಡಿಕೊಂಡು" ಇಂಥ ಮಾತು ಬಂದ ಕಡೆ ನಿಂತು, ಅಂಕಿ ಹಾಕಿ. ನೋಡಿಕೊಂಡು ರಿಯಾಯಿತಿ ಕೊಡುತ್ತೇವೆ ಅನ್ನುವುದು ನಿಜವಾದರೆ, ಯಾರು ನೋಡುವುದು, ಎಷ್ಟರವರೆಗೆ? ಹುಡುಗ ನೂರು ರೂಪಾಯಿ ಬಿಡಬಹುದು, ಅದಕ್ಕಿಂತ ಜಾಸ್ತಿ ಆದರೆ ನಿಮ್ಮ ಒಪ್ಪಿಗೆ ಬೇಕು. ಅಷ್ಟು ಬರೆದರೆ ಅದೇ ನಿಯಮ.

ನಿಯಮದ ಜೊತೆಗೆ ಲೆಕ್ಕ ಮಾಡಿದ ಉದಾಹರಣೆ ಕೊಡಿ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಈ ಅಂಕಿಗಳು ಸುಮ್ನೆ ತೋರಿಸಲು, ನಿಮ್ಮ ದರ ಹಾಕಿಕೊಳ್ಳಿ. ಕುರ್ಚಿ 300, ಒಂದಕ್ಕೆ 8 ರೂಪಾಯಿ. ಸ್ಟೀಲ್ ಲೋಟ 500, ಒಂದಕ್ಕೆ 1 ರೂಪಾಯಿ. ಶನಿವಾರ ಸಂಜೆ ಹೋಗಿ ಸೋಮವಾರ ಬೆಳಿಗ್ಗೆ 10ಕ್ಕೆ ಬಂತು. ಬಾಡಿಗೆ 2,900. ಲೋಟ 12 ಕಡಿಮೆ, ಒಂದಕ್ಕೆ 40ರಂತೆ 480. ಅಡ್ವಾನ್ಸ್ 1,000 ಕಳೆದರೆ ಬಾಕಿ 2,380. ಇದೇ ಸಾಮಾನನ್ನು ಗಿರಾಕಿ ತನ್ನ ಗಾಡಿಯಲ್ಲಿ ಸೋಮವಾರ ಮಧ್ಯಾಹ್ನ 3ಕ್ಕೆ ತಂದರೆ ಅರ್ಧ ಬಾಡಿಗೆ 1,450 ಸೇರಿ ಬಾಕಿ 3,830. ನಿಮ್ಮ ಗಾಡಿ ತಡವಾಗಿ 3ಕ್ಕೆ ಬಂದಿದ್ದರೆ ಮತ್ತೆ 2,380. ಕಳೆದ ಲೋಟ ಎಂಟು ದಿನದೊಳಗೆ ಸಿಕ್ಕಿ ತಂದುಕೊಟ್ಟರೆ 480 ವಾಪಸ್. ಈ ನಾಲ್ಕು ಸಾಲು ಓದಿದ ಮೇಲೆ ತಪ್ಪು ತಿಳಿದುಕೊಳ್ಳಲು ಎಐಗೆ ಜಾಗವೇ ಕಡಿಮೆ. ತಪ್ಪಿದರೂ ನಿಮಗೆ ತಕ್ಷಣ ಕಾಣುತ್ತದೆ, ಏಕೆಂದರೆ ಉತ್ತರ ಮೊದಲೇ ನಿಮ್ಮ ಕೈಯಲ್ಲಿದೆ.

ದಿನಾಂಕದ ಬಗ್ಗೆಯೂ ಒಂದು ಸಾಲು ಹಾಕಿ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ತೋರಿಸು ಅಂದರೆ ಆ ತಲೆನೋವು ಮುಗಿಯಿತು. ಲೋಗೋ, ಬಣ್ಣ, ಮೊದಲ ಪುಟದಲ್ಲಿ ದೇವರ ಫೋಟೋ, ಇದನ್ನೆಲ್ಲ ಕೊನೆಗೆ ಹೇಳಿದರೂ ಎರಡು ನಿಮಿಷದ ಕೆಲಸ. ಜನ ಅದಕ್ಕೇ ಅರ್ಧ ದಿನ ಕಳೆಯುತ್ತಾರೆ, ಯಾಕೋ.

ಕೋಡ್ ಬರೆಸುವ ಮುಂಚೆ

ಬರೆದದ್ದನ್ನು ಎಐಗೆ ಕೊಟ್ಟು, ಕೂಡಲೇ "ಮಾಡು" ಅನ್ನಬೇಡಿ. ಮೊದಲು ಹೀಗೆ ಹೇಳಿ: "ಇನ್ನೂ ಕೋಡ್ ಬರೆಯಬೇಡ. ಇದನ್ನು ಓದಿ, ನಿನಗೆ ಸ್ಪಷ್ಟವಿಲ್ಲದ್ದನ್ನು ಒಂದೊಂದಾಗಿ ಕೇಳು. ನಾನು ಹೇಳದ ಕಡೆ ನೀನು ಏನೇನು ಊಹಿಸುತ್ತಿದ್ದೀಯ ಅಂತ ಪಟ್ಟಿ ಕೊಡು." ಆ ಊಹೆಗಳ ಪಟ್ಟಿ ಸ್ವಾರಸ್ಯವಾಗಿರುತ್ತದೆ. ಒಬ್ಬರಿಗೆ ಒಂದೇ ಫೋನ್ ನಂಬರ್, ಒಂದು ಬುಕಿಂಗ್‌ಗೆ ಒಂದೇ ವಿಳಾಸ, ಎಲ್ಲ ಸಾಮಾನೂ ನಿಮ್ಮದೇ, ಹೀಗೆ. ಪಕ್ಕದೂರಿನಿಂದ ತಂದ 200 ಕುರ್ಚಿ ನಿಮ್ಮ ಸ್ಟಾಕ್ ಅಲ್ಲ, ಅದರಲ್ಲಿ ಮುರಿದದ್ದಕ್ಕೆ ನೀವು ಅವರಿಗೆ ದುಡ್ಡು ಕಟ್ಟಬೇಕು ಅನ್ನುವುದು ಇಲ್ಲಿ ನಿಮಗೆ ನೆನಪಾಗುತ್ತದೆ.

ಉತ್ತರಗಳನ್ನೆಲ್ಲ ಒಂದೇ ಫೈಲಿಗೆ ಸೇರಿಸಿ ಇಟ್ಟುಕೊಳ್ಳಿ. ಹೊಸ ಚಾಟ್ ತೆರೆದಾಗ ಹಳೆಯ ಮಾತು ಎಐಗೆ ಪೂರ್ತಿ ನೆನಪಿರುತ್ತದೆ ಅಂತ ನಂಬಬೇಡಿ, ಫೈಲನ್ನೇ ಮತ್ತೆ ಓದಿಸಿ. ಮುಂದೆ ಯಾವ ನಿಯಮ ಬದಲಾದರೂ ಮೊದಲು ಫೈಲಿನಲ್ಲಿ ತಿದ್ದಿ, ಆಮೇಲೆ ಸಾಫ್ಟ್‌ವೇರ್ ತಿದ್ದಿಸಿ.

ಪರೀಕ್ಷೆಗೆ ಒಂದು ಉಪಾಯವಿದೆ. ಹಳೇ ಬಿಲ್‌ಗಳಲ್ಲಿ ತಕರಾರಿನವನ್ನು ಆರಿಸಿ ಒಂದು ಇಪ್ಪತ್ತು ತೆಗೆದಿಡಿ. ಅದರಲ್ಲಿ ಅರ್ಧ ಎಐಗೆ ಉದಾಹರಣೆಯಾಗಿ ಕೊಡಿ. ಉಳಿದರ್ಧ ಕೊಡಬೇಡಿ. ಸಾಫ್ಟ್‌ವೇರ್ ಆದ ಮೇಲೆ ಆ ಉಳಿದವನ್ನು ನೀವೇ ಕೂತು ಹಾಕಿ ನೋಡಿ. ಕೊಟ್ಟ ಉದಾಹರಣೆಗೆ ಮಾತ್ರ ಸರಿಯಾಗುವಂತೆ ಎಐ ಕೋಡ್ ಬರೆದುಬಿಡುವುದು ಉಂಟು. ಕಾಣದ ಬಿಲ್‌ಗಳಿಗೂ ಲೆಕ್ಕ ಕೂಡಿದರೆ ನಿಯಮ ಅರ್ಥವಾಗಿದೆ ಅನ್ನಬಹುದು. ಕೂಡದಿದ್ದರೆ ಕೋಡ್ ನೋಡುವ ಮುಂಚೆ ನಿಮ್ಮ ಫೈಲ್ ನೋಡಿ. ಎಷ್ಟೋ ಸಲ ಆ ನಿಯಮ ಬರೆದೇ ಇರುವುದಿಲ್ಲ.

ಈ ಹಂತದಲ್ಲಿ ಗಿರಾಕಿಗಳ ನಿಜವಾದ ಹೆಸರು, ಫೋನ್ ನಂಬರ್ ಹಾಕಬೇಡಿ. ಅವು ಅವರ ಖಾಸಗಿ ಮಾಹಿತಿ, ಇದಕ್ಕೆಂದೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ನಿಜವಾದ ಲೆಕ್ಕ ಇರುವ ಜಾಗದಲ್ಲಿ ಎಐಗೆ ನೇರ ಕೈ ಹಾಕಲೂ ಬಿಡಬೇಡಿ. 2025ರ ಜುಲೈನಲ್ಲಿ ಸಾಫ್ಟ್‌ವೇರ್ ಮಾಡಿಕೊಡುವ ರೆಪ್ಲಿಟ್ ಎಂಬ ಸೇವೆಯ ಎಐ ಏಜೆಂಟ್ (ತಾನೇ ಕೆಲಸ ಮಾಡಿ ಮುಗಿಸುವ ಎಐ), ಏನೂ ಬದಲಿಸಬೇಡ ಅಂತ ಹೇಳಿದ್ದರೂ, ಒಬ್ಬ ಅಮೆರಿಕನ್ ಉದ್ಯಮಿಯ ಚಾಲ್ತಿಯಲ್ಲಿದ್ದ ಡೇಟಾಬೇಸನ್ನು, ಅಂದರೆ ಮಾಹಿತಿಯ ಕಣಜವನ್ನು, ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರೇ ಕ್ಷಮೆ ಕೇಳಬೇಕಾಯಿತು. ಪ್ರಯೋಗಕ್ಕೆ ಬೇರೆ ಪ್ರತಿ, ದಿನವೂ ಬ್ಯಾಕಪ್, ಇವೆರಡನ್ನೂ ಫೈಲಿನಲ್ಲಿ ನಿಯಮವಾಗಿಯೇ ಬರೆಯಿರಿ.

ಎಷ್ಟು ಮಾಡಿಸಬೇಕು?

ದರಗಳು ಬದಲಾಗುತ್ತವೆ. 2025ರ ಸೆಪ್ಟೆಂಬರ್ 22ರಂದು ಬಹುತೇಕ ಸರಕುಗಳಿಗೆ ಜಿಎಸ್‌ಟಿಯ ಶೇ. 12 ಮತ್ತು ಶೇ. 28ರ ಹಂತಗಳು ಹೋಗಿ ಹೊಸ ದರ ಬಂತು. ದರವನ್ನು ಕೋಡಿನೊಳಗೆ ಒಂದೇ ಅಂಕಿಯಾಗಿ ಬರೆಸಿದ್ದವರಿಗೆ ಇಂಥ ದಿನ ಕಷ್ಟ. ಹೊಸ ದರ ಹಾಕಿದರೆ ಹಳೇ ಬಿಲ್ಲೂ ಬದಲಾಗಿ ಕೂರಬಹುದು. "ಪ್ರತಿ ದರಕ್ಕೂ ಯಾವ ದಿನದಿಂದ ಅಂತ ಇರಬೇಕು, ಆಗಲೇ ಮಾಡಿದ ಬಿಲ್ ಬದಲಾಗಬಾರದು" ಅಂತ ಬರೆಯಿರಿ. ನಿಮ್ಮ ಕುರ್ಚಿ ಬಾಡಿಗೆಗೂ ಇದೇ ಬೇಕು. ಸೀಸನ್ ಮುಂಚೆ ಮಾತಾಡಿದ ಮದುವೆಗೆ ಹಳೇ ದರವೇ, ಅಲ್ವಾ?

ಆದರೆ ಜಿಎಸ್‌ಟಿ ಬಿಲ್ ಮತ್ತು ರಿಟರ್ನ್ಸ್ ಕೆಲಸವನ್ನು ಇದರಲ್ಲಿ ಮಾಡಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ ಸರಣಿಯಾಗಿ ಇರಬೇಕು, 16 ಅಕ್ಷರ ಮೀರಬಾರದು, ಒಂದು ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು. ಇಂಥವು ಇನ್ನೂ ಬೇಕಾದಷ್ಟಿವೆ. ಇವು ನಿಮ್ಮ ಅಂಗಡಿಗೆ ಮಾತ್ರ ಇರುವ ನಿಯಮಗಳಲ್ಲ, ದೇಶಕ್ಕೆಲ್ಲ ಒಂದೇ. ಬೆಂಗಳೂರಿನದ್ದೇ ಆದ ಟ್ಯಾಲಿಯಂಥ ಸಿದ್ಧ ಸಾಫ್ಟ್‌ವೇರ್‌ಗಳು ಅದನ್ನು ಆಗಲೇ ಮಾಡುತ್ತವೆ. ಎಐ ಹತ್ರ ಬುಕಿಂಗ್, ಗೋಡೌನ್ ಸ್ಟಾಕ್, ವಾಪಸ್ ಬಂದ ಲೆಕ್ಕ, ಇಷ್ಟನ್ನು ಮಾಡಿಸಿ. ದಿನದ ಕೊನೆಗೆ ಮೊತ್ತಗಳ ಎಕ್ಸೆಲ್ ಫೈಲ್ ತೆಗೆದು ಲೆಕ್ಕ ಬರೆಯುವವರಿಗೆ ಕೊಟ್ಟರೆ ಸಾಕು. ಯಾವ ಕಾಲಂ ಬೇಕು ಅಂತ ಅವರನ್ನು ಮೊದಲೇ ಕೇಳಿ, ಅದನ್ನೂ ಫೈಲಿಗೆ ಸೇರಿಸಿ. ಮೊದಲ ಮದುವೆ ಸೀಸನ್ ಪೂರ್ತಿ ಪುಸ್ತಕವೂ ಸಾಫ್ಟ್‌ವೇರೂ ಎರಡೂ ನಡೆಯಲಿ, ವಾರಕ್ಕೊಮ್ಮೆ ಕುರ್ಚಿ ಎಣಿಸಿ ಎರಡರ ಜೊತೆಗೂ ತಾಳೆ ನೋಡಿ.