ಬ್ರಿಟಿಷ್ ಉಚ್ಚಾರಣೆ ಕಲಿಯುವಾಗ ಎಡವುವುದೆಲ್ಲಿ?

ಪ್ರಶ್ನೆ: ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಬ್ರಿಟಿಷರ ಧಾಟಿ ಬರಲಿ ಅಂತ ವಿಡಿಯೊ ನೋಡಿ ಒಂದೊಂದೇ ಪದ ಕಲಿತೆ. ಪದ ಸರಿಯಾಗಿ ಬರುತ್ತದೆ, ವಾಕ್ಯ ಶುರುವಾದರೆ ಮತ್ತೆ ಹಳೇ ರಾಗ. ಏನು ಮಾಡಲಿ?

ಉತ್ತರ: ಪದಗಳನ್ನು ಸದ್ಯಕ್ಕೆ ಬಿಡಿ, ಒತ್ತು ಹಿಡಿಯಿರಿ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಪಾಲು. ಇಂಗ್ಲಿಷಿನಲ್ಲಿ ಹಾಗಿಲ್ಲ; ಪದದ ಒಂದು ಭಾಗ ಎದ್ದು ನಿಲ್ಲುತ್ತದೆ, ಉಳಿದವು ಮುದುಡಿಕೊಳ್ಳುತ್ತವೆ. ನಾವು 'ಕಂ-ಫರ್-ಟೇ-ಬಲ್' ಎಂದು ನಾಲ್ಕನ್ನೂ ತೂಗಿ ಹೇಳುತ್ತೇವೆ. ಅವರ ಬಾಯಲ್ಲಿ ಅದು 'ಕಂಫ್-ಟ-ಬ್ಲ್', ಮೂರೇ ತುಂಡು, ಭಾರವೆಲ್ಲ 'ಕಂ' ಮೇಲೆ.

ಹೀಗೆ ಮುದುಡಿದ ಸ್ವರಕ್ಕೆ ಶ್ವಾ ಎನ್ನುತ್ತಾರೆ. ತುಟಿ, ನಾಲಿಗೆ ಎರಡನ್ನೂ ಸಡಿಲ ಬಿಟ್ಟಾಗ ಬರುವ ಅರೆಬರೆ 'ಅ' ಅದು. ನಿಘಂಟುಗಳಲ್ಲಿ ತಲೆಕೆಳಗಾದ ಇಂಗ್ಲಿಷ್ 'ಇ' ಹಾಕಿ ತೋರಿಸುತ್ತಾರೆ. 'ಎ ಕಪ್ ಆಫ್ ಟೀ' ಅನ್ನುವುದರಲ್ಲಿ 'ಎ', 'ಆಫ್' ಎರಡೂ ಶ್ವಾಗೆ ಇಳಿದು 'ಅ ಕಪವ್ ಟೀ' ಆಗುತ್ತದೆ. ನಿಮ್ಮ ವಾಕ್ಯ ಹಳೇ ರಾಗಕ್ಕೆ ಬೀಳುವುದು ಇಂಥ ಪುಟ್ಟ ಪದಗಳನ್ನು ಪೂರ್ತಿ ಉಚ್ಚರಿಸುವುದರಿಂದ. 'ಟು', 'ಫಾರ್', 'ಕ್ಯಾನ್' ಕೂಡ ಇದೇ ಗುಂಪಿನವು.

ಇನ್ನೊಂದು ಮಾತು: ಬ್ರಿಟಿಷ್ ಉಚ್ಚಾರಣೆ ಎಂಬುದು ಒಂದೇ ಅಲ್ಲ. ಸ್ಕಾಟ್ಲೆಂಡಿನವರು 'ಕಾರ್' ಪದದ 'ರ್' ಹೇಳುತ್ತಾರೆ, ಇಂಗ್ಲೆಂಡಿನ ಹೆಚ್ಚಿನವರು ಹೇಳುವುದಿಲ್ಲ. 'ಬಾತ್' ಪದದ ದೀರ್ಘ 'ಆ' ದಕ್ಷಿಣ ಇಂಗ್ಲೆಂಡಿನದು, ಉತ್ತರದಲ್ಲಿ ಅದು ಗಿಡ್ಡ. ಒಂದನ್ನು ಆರಿಸಿಕೊಳ್ಳಿ. ಆರ್‌ಪಿ ಎಂದು ಕರೆಯುವ ದಕ್ಷಿಣದ ಶಿಷ್ಟ ಉಚ್ಚಾರಣೆಗೆ ಕಲಿಕಾ ಸಾಮಗ್ರಿ ಹೇರಳ. ಕೇಂಬ್ರಿಜ್ ಆನ್‌ಲೈನ್ ನಿಘಂಟಿನಲ್ಲಿ 'ಯುಕೆ' ಗುಂಡಿ ಒತ್ತಿದರೆ ಅದಕ್ಕೆ ಹತ್ತಿರದ್ದೇ ಕೇಳುತ್ತದೆ.

ಆರ್‌ಪಿಯಲ್ಲಿ 'ರ್' ಬದುಕುವುದು ಮುಂದೆ ಸ್ವರದ ಸದ್ದಿದ್ದರೆ ಮಾತ್ರ. 'ಕಾರ್' ಬರೀ 'ಕಾ'. 'ಕಾರ್ ಇಸ್' ಎಂದಾಗ 'ರ್' ಮರಳಿ ಬರುತ್ತದೆ. ಈ ಎರಡನೆಯದನ್ನು ಮರೆತು ಎಲ್ಲ ಕಡೆ ನುಂಗುವವರು ಬಹಳ. ದೀರ್ಘ 'ಆ' ಬಗ್ಗೆಯೂ ಅತ್ಯುತ್ಸಾಹ ಬೇಡ: 'ಪ್ಲಾಂಟ್' ಸರಿ, ಆದರೆ ಇರುವೆಗೆ 'ಆ್ಯಂಟ್', 'ಆಂಟ್' ಅಲ್ಲ. ಇದಕ್ಕೆ ಭದ್ರವಾದ ಸೂತ್ರವಿಲ್ಲ, ಪ್ರತಿ ಸಲ ನಿಘಂಟೇ ಗತಿ.

ವ್ಯಂಜನಗಳಲ್ಲಿ ನಮ್ಮನ್ನು ಬೇಗ ಬಿಟ್ಟುಕೊಡುವುದು 'ಟ'. ಕನ್ನಡದ 'ಟ'ಗೆ ನಾಲಿಗೆ ಹಿಂದಕ್ಕೆ ಮಡಚುತ್ತದೆ, 'ತ'ಗೆ ಹಲ್ಲಿಗೆ ತಾಗುತ್ತದೆ. ಇವೆರಡರ ನಡುವೆ, ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತುದಿ ತಾಗಿಸಿದರೆ ಇಂಗ್ಲಿಷಿನದು. ಒತ್ತಿರುವ ಭಾಗದ ಮೊದಲಿಗೆ ಬರುವ ಪ, ಟ, ಕಗಳಿಗೆ ಉಸಿರಿನ ತಳ್ಳು ಬೇಕು. ತುಟಿಯ ಮುಂದೆ ತೆಳ್ಳನೆ ಕಾಗದ ಹಿಡಿದು 'ಪಿನ್' ಅನ್ನಿ, ಅದು ಅಲುಗಬೇಕು. 'ಸ್ಪಿನ್' ಅಂದಾಗ ಅಲುಗಬಾರದು. ತಳ್ಳುವ ಭರದಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ಅದು 'ಫಿನ್', ಮೀನಿನ ರೆಕ್ಕೆ! 'ವೈನ್' ಎಂದು ಮದ್ಯಕ್ಕೆ ಹೇಳುವಾಗ ತುಟಿ ಗುಂಡಗಾಗಬೇಕು, ಹಲ್ಲು ತಾಗಬಾರದು. ಬಳ್ಳಿ ಎಂಬ ಅರ್ಥದ 'ವೈನ್' (vine) ಹೇಳುವಾಗ ತಾಗಬೇಕು.

ಅಭ್ಯಾಸಕ್ಕೆ 20 ಸೆಕೆಂಡಿನ ಒಂದು ಧ್ವನಿ ತುಣುಕು ಸಾಕು. ಸುದ್ದಿ ಓದುವ ದನಿಯಾದರೆ ಒಳ್ಳೆಯದು. ನಾಟಕದ ಸಂಭಾಷಣೆಯಲ್ಲಿ ಭಾವನೆಯ ಏರಿಳಿತ ಬೆರೆತು ಒತ್ತು ಗುರುತಿಸುವುದೇ ಕಷ್ಟ. ಮಾತನ್ನು ಬರೆದುಕೊಂಡು ಒತ್ತಿರುವ ಭಾಗಕ್ಕೆ ಗೆರೆ, ಶ್ವಾಗೆ ಚುಕ್ಕೆ ಹಾಕಿ. ಆಮೇಲೆ ಗೆರೆಯ ಭಾಗಗಳನ್ನಷ್ಟೇ ಮೇಜು ತಟ್ಟುತ್ತಾ ಹೇಳಿ, ನಡುವಿನದನ್ನು ತಟ್ಟುಗಳ ಸಂದಿಯಲ್ಲಿ ತುರುಕಿ. ಕೊನೆಗೆ ಮೂಲದ ಜೊತೆಜೊತೆಗೇ ಮಾತಾಡಿ ರೆಕಾರ್ಡ್ ಮಾಡಿ. ದಿನಕ್ಕೆ ಹದಿನೈದು ನಿಮಿಷ, ವಾರವಿಡೀ ಅದೇ ತುಣುಕು. ರೆಕಾರ್ಡ್ ಕೇಳುವಾಗ ಎಲ್ಲ ತಪ್ಪನ್ನೂ ಒಟ್ಟಿಗೆ ಹುಡುಕಬೇಡಿ. ಇವತ್ತು ಚುಕ್ಕೆಗಳನ್ನಷ್ಟೇ ನೋಡಿ, ನಾಳೆ 'ರ್', ನಾಡಿದ್ದು 'ಟ'.